ಚಾಕು ಇಲ್ಲ ಅಂದ್ರೆ ರಿಸ್ಕ್ ಇಲ್ಲ ಅಂತ ಅಲ್ಲ

ಭಾಗ 1/10
📍ಕೊಣನೂರು ಬಸ್ ಸ್ಟ್ಯಾಂಡ್, ಬೆಳಿಗ್ಗೆ ಹಾಸನದ ಬಸ್ಸಿಗೆ ಕಾಯ್ತಿರೋರು

"ಕೊಯ್ಯಲ್ಲ. ರಕ್ತ ಬರಲ್ಲ. ಹೊಲಿಗೆ ಇಲ್ಲ. ಬೆಳಿಗ್ಗೆ ಅಡ್ಮಿಟ್, ಸಾಯಂಕಾಲ ಮನೆಗೆ."

ಈ ತರದ ರೀಲ್ ನೀವೂ ನೋಡಿರ್ತೀರ. ನೀಲಿ ಲೈಟು, ಬಿಳಿ ಮಿಷನ್ನು, ಹಿಂದೆ ಮೆತ್ತಗೆ ಮ್ಯೂಸಿಕ್ಕು. ಬಿಳಿ ಕೋಟ್ ಹಾಕ್ಕೊಂಡೋರು ನಗ್ತಾ "ಮೆದುಳಿನ ರಕ್ತಸ್ರಾವಕ್ಕೆ ಚಾಕು ಇಲ್ಲದ ಆಪರೇಷನ್" ಅಂತಾರೆ. ಕೆಳಗೆ ಫೋನ್ ನಂಬರ್. ಕಾಮೆಂಟಲ್ಲಿ ನಮ್ಮ ಕಡೆಯೋರೇ ಯಾರೋ "ಸಾರ್ ಖರ್ಚು ಎಷ್ಟಾಗುತ್ತೆ" ಅಂತ ಕೇಳಿರ್ತಾರೆ. ಉತ್ತರ ಎರಡೇ ಪದ: "ಡಿಎಂ ಮಾಡಿ."

ನನ್ನ ತಕರಾರು ಆ ಮಿಷನ್ ಮೇಲೆ ಇಲ್ಲ. ಅದರಿಂದ ಎಷ್ಟೋ ಜನಕ್ಕೆ ಒಳ್ಳೇದಾಗಿದೆ. ತಕರಾರು ಇರೋದು ಆ ಮೂವತ್ತು ಸೆಕೆಂಡಲ್ಲಿ ಹೇಳದೆ ಬಿಟ್ಟಿರೋದರ ಮೇಲೆ.

ಒಂದೇ ಮಾತಲ್ಲಿ ಹೇಳ್ಬಿಡ್ತೀನಿ, ಮಿಕ್ಕ ಒಂಬತ್ತು ಪೋಸ್ಟ್ ಅದಕ್ಕೆ ಕಾರಣ ಕೊಡೋಕೆ:

ಬ್ರೈನ್‌ಸ್ಟೆಮ್‌ನಲ್ಲಿ ರಕ್ತ ಸೋರುವ ಗಂಟಿಗೆ ರೇಡಿಯೋಸರ್ಜರಿ ಮಾಡ್ತೀವಿ ಅನ್ನೋರು, "ಏನೂ ಮಾಡದೆ ಕಾದ್ರೆ ಏನಾಗುತ್ತೆ" ಅನ್ನೋ ಲೆಕ್ಕವನ್ನ ಮೊದಲು ರೋಗಿ ಕೈಗೆ ಕೊಡಬೇಕು. ಅವರಿಗೆ ಅರ್ಥ ಆಗೋ ಭಾಷೇಲಿ. ಅಡ್ವಾನ್ಸ್ ಕಟ್ಟಿಸ್ಕೊಳೋಕೆ ಮುಂಚೆ. ಅದನ್ನ ಮುಚ್ಚಿಟ್ರೆ ಚಿಕಿತ್ಸೆ ಎಷ್ಟೇ ಒಳ್ಳೇದಿರಲಿ, ಅದನ್ನ ಮಾರಿದ ರೀತಿ ಮೋಸ.

ನಾನು ಡಾಕ್ಟರ್ ಅಲ್ಲ. ಇಪ್ಪತ್ತು ವರ್ಷದ ಬಿಕಾಂ ಸ್ಟೂಡೆಂಟು. "ಬಿಕಾಂ ಓದೋಳಿಗೆ ಮೆದುಳಿನ ಸುದ್ದಿ ಯಾಕೆ" ಅಂತ ಕಾಮೆಂಟ್ ಹಾಕೋರು ಹಾಕಿ. ಆದ್ರೆ ಖರ್ಚು ಯಾವುದು, ಲಾಭ ಯಾವುದು, ಯಾವ ಸಾಲು ಬರೀದೆ ಬಿಟ್ಟವ್ರೆ ಅಂತ ಹುಡುಕೋದನ್ನೇ ಮೂರು ವರ್ಷದಿಂದ ಕಲಿಸ್ತಾವ್ರೆ ನಮಗೆ.

ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಮುಂದಿನದು ಯಾಕೆ ಬರೀತಿದೀನಿ ಅನ್ನೋದು.

—

ಭಾಗ 2/10
📍ಮಾವನ ಹೊಗೆಸೊಪ್ಪಿನ ಬ್ಯಾರನ್

ಕಳೆದ ವರ್ಷ ಸೊಪ್ಪು ಬೇಯಿಸೋ ಟೈಮು. ನಮ್ಮ ಸೋದರಮಾವನಿಗೆ ಎಲ್ಲಾ ಎರಡೆರಡು ಕಾಣೋಕೆ ಶುರುವಾಯ್ತು. ಮುಖದ ಒಂದು ಕಡೆ ಜೋಮು. ನಡೆದ್ರೆ ವಾಲಾಟ. ಊರಲ್ಲಿ ಎರಡು ದಿನ "ಕುಡಿದವ್ನೆ" ಅಂದ್ರು. ಆ ಮನುಷ್ಯ ಜೀವಮಾನದಲ್ಲಿ ಕುಡಿದೋರಲ್ಲ.

ಎಂಆರ್‌ಐ ಮಾಡಿಸಿದಾಗ ಗೊತ್ತಾಯ್ತು: ಬ್ರೈನ್‌ಸ್ಟೆಮ್‌ನ ಪಾನ್ಸ್ ಅನ್ನೋ ಭಾಗದಲ್ಲಿ ಕ್ಯಾವರ್ನೋಮಾ. ರಕ್ತನಾಳಗಳ ಒಂದು ಸಣ್ಣ ಗಂಟು. ಅದು ಸೋರಿದೆ.

ಯಾರೋ ಹೇಳಿದ್ರು ಅಂತ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದ್ವಿ. ಡಾಕ್ಟರ್ ನಾಲ್ಕು ನಿಮಿಷ ಸಿಕ್ಕಿದ್ರು. ಆಮೇಲೆ "ಕೌನ್ಸೆಲಿಂಗ್" ಅಂತ ಬೇರೆ ರೂಮು. ಅಲ್ಲಿ ಕೂತಿದ್ದೋರ ಮುಂದೆ ಇದ್ದದ್ದು ಒಂದು ಕ್ಯಾಲ್ಕುಲೇಟರು, ಒಂದು ಬಣ್ಣದ ಬ್ರೋಷರು. "ಗಾಮಾ ನೈಫ್ ಮಾಡ್ಸಿ, ಒಂದೇ ದಿನ. ಈ ವಾರ ಬುಕ್ ಮಾಡಿದ್ರೆ ಪ್ಯಾಕೇಜಲ್ಲಿ ಕಡಿಮೆ ಮಾಡ್ಕೊಡ್ತೀವಿ."

ಅತ್ತೆ ಹೊರಗೆ ಬಂದು ಅಮ್ಮನಿಗೆ ಫೋನಲ್ಲಿ ಅಂದಿದ್ದು: "ಕುಯ್ಯಂಗಿಲ್ವಂತೆ ಕಣವ್ವ. ಲೈಟ್ ಬಿಡ್ತಾರಂತೆ, ಹೊಂಟೋಯ್ತದಂತೆ." ಅಷ್ಟೊತ್ತಿಗೆ ಯಾರ ಹತ್ರ ಜಮೀನು ಅಡ ಇಡೋದು ಅಂತ ಮನೇಲಿ ಲೆಕ್ಕ ಶುರುವಾಗಿತ್ತು.

ಆ ರೂಮಲ್ಲಿ ಹೇಳದೆ ಇದ್ದದ್ದು ಮೂರು ವಿಷಯ.
ಇದು ಕೆಲಸ ಮಾಡಿದ್ರೂ ಫಲ ಕಾಣೋಕೆ ವರ್ಷಗಳು ಬೇಕು.
ವಿಕಿರಣದಿಂದಲೇ ಮೆದುಳಲ್ಲಿ ಬಾವು ಬರಬಹುದು.
ಕಾದು ನೋಡೋದು ಕೂಡ ಒಂದು ವೈದ್ಯಕೀಯ ನಿರ್ಧಾರ.

ಇದನ್ನ ಹೇಳಿದ್ದು ಬೇರೆ ಆಸ್ಪತ್ರೆಯ ವಯಸ್ಸಾದ ಡಾಕ್ಟರು. ಕಾಗದದ ಮೇಲೆ ಪೆನ್ನಲ್ಲಿ ಚಿತ್ರ ಬಿಡಿಸಿ, ಹದಿನೈದು ನಿಮಿಷ ಕೂರಿಸ್ಕೊಂಡು ಹೇಳಿದ್ರು. "ಒಂದೇ ಸಲ ಸೋರಿದೆ, ಸುಧಾರಿಸ್ತಾ ಇದೆ. ಈಗ ಕಾಯೋಣ. ಮತ್ತೆ ಸೋರಿದ್ರೆ, ಗಂಟು ಮೇಲ್ಮೈಗೆ ಹತ್ರ ಬಂದಿದ್ರೆ, ಆಪರೇಷನ್ ಯೋಚನೆ ಮಾಡೋಣ. ಗಾಮಾ ನೈಫ್ ಕೂಡ ಪಟ್ಟಿಯಲ್ಲಿದೆ. ಆದ್ರೆ ಮೊದಲ ಸಾಲಲ್ಲಿ ಇಲ್ಲ."

ಮಾವ ಈಗ ಹೊಲಕ್ಕೆ ಹೋಗ್ತಾರೆ. ಅದು ಕಾಯೋದೇ ಸರಿ ಅನ್ನೋದಕ್ಕೆ ಪುರಾವೆ ಅಲ್ಲ. ಒಬ್ಬರ ಕಥೆ ಯಾವ ಕಡೆಗೂ ಪುರಾವೆ ಆಗಲ್ಲ, ರೀಲಲ್ಲಿ ಕೈಮುಗಿದು ಥ್ಯಾಂಕ್ಸ್ ಹೇಳೋರ ಕಥೆ ಸೇರಿ. ಅದಕ್ಕೇ ಮುಂದಿನ ಪೋಸ್ಟ್‌ಗಳಲ್ಲಿ ಮಾವ ಬರಲ್ಲ, ಲೆಕ್ಕ ಬರುತ್ತೆ.

—

ಭಾಗ 3/10
📍ನಮ್ಮ ತೂಗುಸೇತುವೆ, ಕಾವೇರಿ ಮೇಲೆ

ಬ್ರೈನ್‌ಸ್ಟೆಮ್ ಅಂದ್ರೆ ಏನು ಅಂತ ಅರ್ಥ ಆಗೋಕೆ ಈ ಫೋಟೋ ಸಾಕು.

ಈ ಸೇತುವೆ ಮೇಲೆ ಹೋಗೋರು, ಬರೋರು, ಸೈಕಲ್ಲು, ಸೊಪ್ಪಿನ ಹೊರೆ ಎಲ್ಲಾ ಅದೇ ಒಂದು ಕಿರಿದಾದ ದಾರೀಲಿ. ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲ. ಮಧ್ಯದಲ್ಲಿ ಒಂದು ಹಲಗೆ ರಿಪೇರಿ ಮಾಡಬೇಕು ಅಂದ್ರೂ ಇಡೀ ಓಡಾಟ ನಿಲ್ಲುತ್ತೆ.

ಮೆದುಳಿನ ಬುಡದಲ್ಲಿರೋ ಕಾಂಡವೂ ಹಾಗೇ. ಗಾತ್ರದಲ್ಲಿ ಹೆಚ್ಚುಕಮ್ಮಿ ನಿಮ್ಮ ಹೆಬ್ಬೆರಳಷ್ಟು. ಮೇಲೆ ಮಿಡ್‌ಬ್ರೈನ್, ಮಧ್ಯೆ ಪಾನ್ಸ್, ಕೆಳಗೆ ಮೆಡುಲಾ. ಮೆದುಳಿಂದ ಕೈಕಾಲಿಗೆ ಹೋಗೋ ಆಜ್ಞೆ, ಮೈಯಿಂದ ಮೆದುಳಿಗೆ ಹೋಗೋ ಸುದ್ದಿ ಎರಡೂ ಇಲ್ಲಿಂದಲೇ ಹಾದು ಹೋಗ್ಬೇಕು. ಉಸಿರಾಟ, ಎದೆಬಡಿತ, ನುಂಗೋದು, ಕಣ್ಣು ತಿರುಗಿಸೋದು, ಮುಖದ ಚಲನೆ ಇವನ್ನ ನೋಡ್ಕೊಳೋ ನರಕೇಂದ್ರಗಳೂ ಇಲ್ಲೇ ಒತ್ತೊತ್ತಾಗಿ ಕೂತಿವೆ.

ಮೆದುಳಿನ ಬೇರೆ ಕಡೆ ಒಂದು ಚಮಚ ರಕ್ತ ಸೋರಿದ್ರೆ ಒಂದೊಂದು ಸಲ ಬರೀ ತಲೆನೋವಲ್ಲಿ ಮುಗಿಯುತ್ತೆ. ಇಲ್ಲಿ ಕೆಲವೇ ಹನಿ ಸೋರಿದ್ರೂ ಕಣ್ಣು, ಮುಖ, ನಡಿಗೆ ಎಲ್ಲಾ ಹೋಗಬಹುದು. ಸರ್ಜನ್ ಕೈ ಹಾಕೋಕೂ ಇದು ಅತಿ ಕಷ್ಟದ ಜಾಗ. ಗಂಟು ಕಾಂಡದ ಮೇಲ್ಮೈಗೆ ಬಂದಿದ್ರೆ ಅನುಭವಿ ಸರ್ಜನ್ ತೆಗೀಬಹುದು. ಒಳಗೆ ಆಳದಲ್ಲಿದ್ರೆ ಅದನ್ನ ತಲುಪೋಕೆ ಒಳ್ಳೆ ನರಗಳನ್ನೇ ದಾಟಿ ಹೋಗ್ಬೇಕು.

ಈಗ ನೋಡಿ "ಚಾಕು ಇಲ್ಲ" ಅನ್ನೋ ಮಾತು ಎಲ್ಲಿ ನಾಟುತ್ತೆ ಅಂತ. ಚಾಕು ಅಂದ್ರೆ ಎಲ್ಲರಿಗೂ ಭಯ ಇರೋ ಜಾಗದಲ್ಲೇ. ಭಯ ಜಾಸ್ತಿ ಇದ್ದಷ್ಟೂ ಪ್ರಶ್ನೆ ಕಡಿಮೆ. ಅದಕ್ಕೇ ಇಲ್ಲಿ ಪ್ರಶ್ನೆ ಜಾಸ್ತಿ ಬೇಕು.

—

ಭಾಗ 4/10
📍ಹಿಪ್ಪುನೇರಳೆ ಹಣ್ಣು, ಪಕ್ಕದೂರಿನ ರೇಷ್ಮೆ ತೋಟ

ರೀಲ್ ಮಾಡೋ ಮೊದಲ ಕಿತಾಪತಿ ಇದು: ಎರಡು ಬೇರೆ ಬೇರೆ ಕಾಯಿಲೇನ ಒಂದೇ ಚೀಲಕ್ಕೆ ಹಾಕೋದು.

ಒಂದು, ಎವಿಎಂ. ಅಪಧಮನಿಯಿಂದ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗೋ ಅಡ್ಡದಾರಿ. ಒತ್ತಡ ಜಾಸ್ತಿ, ಹರಿವು ಜೋರು. ನಾಲೆಯ ನೀರನ್ನ ತೂಬು ಇಲ್ಲದೆ ನೇರ ಗದ್ದೆಗೆ ಬಿಟ್ಟಂಗೆ. ಆಂಜಿಯೋಗ್ರಾಮ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಎರಡು, ಕ್ಯಾವರ್ನೋಮಾ. ಫೋಟೋದಲ್ಲಿರೋ ಹಣ್ಣಿನ ಹಂಗೇ ಇರುತ್ತೆ, ಡಾಕ್ಟರುಗಳೂ ಇದೇ ಹಣ್ಣಿಗೆ ಹೋಲಿಸ್ತಾರೆ. ತೆಳು ಗೋಡೆಯ ಸಣ್ಣ ಸಣ್ಣ ಗುಳ್ಳೆಗಳ ಗೊಂಚಲು. ಹರಿವು ತುಂಬಾ ನಿಧಾನ. ಆಂಜಿಯೋಗ್ರಾಮ್‌ನಲ್ಲಿ ಕಾಣೋದೇ ಇಲ್ಲ, ಎಂಆರ್‌ಐನಲ್ಲಿ ಚೆನ್ನಾಗಿ ಕಾಣುತ್ತೆ. ಸುಮಾರು ಇನ್ನೂರು ಜನರಲ್ಲಿ ಒಬ್ಬರ ಮೆದುಳಲ್ಲಿ ಇಂಥದ್ದೊಂದು ಇರುತ್ತೆ. ಹೆಚ್ಚಿನೋರಿಗೆ ಸಾಯೋ ತನಕ ಗೊತ್ತೇ ಆಗಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ?

ಎವಿಎಂಗೆ ರೇಡಿಯೋಸರ್ಜರಿ ಕೊಟ್ರೆ ರಕ್ತನಾಳದ ಗೋಡೆ ನಿಧಾನಕ್ಕೆ ದಪ್ಪ ಆಗ್ತಾ, ದಾರಿ ಕಿರಿದಾಗಿ, ಕೊನೆಗೆ ಮುಚ್ಕೊಳುತ್ತೆ. ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಚಿಕ್ಕ ಎವಿಎಂಗಳಲ್ಲಿ ಸುಮಾರು 70-80% ಮುಚ್ಚುತ್ತವೆ. ಬ್ರೈನ್‌ಸ್ಟೆಮ್‌ನಲ್ಲಿ ಡೋಸ್ ಕಡಿಮೆ ಕೊಡಬೇಕಾಗೋದ್ರಿಂದ ಅಷ್ಟು ಸಲೀಸಲ್ಲ. ಪೂರ್ತಿ ಮುಚ್ಚೋ ತನಕ ರಕ್ತಸ್ರಾವದ ಅಪಾಯ ಹೋಗಲ್ಲ. ಆದ್ರೂ ಒಂದು ದೊಡ್ಡ ಅನುಕೂಲ ಇದೆ: ಮುಚ್ಚಿತಾ ಇಲ್ವಾ ಅಂತ ಆಂಜಿಯೋಗ್ರಾಮ್ ಮಾಡಿ ನೋಡಬಹುದು. ದುಡ್ಡು ಕಟ್ಟಿದ್ದಕ್ಕೆ ರಸೀದಿ ಸಿಗುತ್ತೆ.

ಕ್ಯಾವರ್ನೋಮಾಗೆ ಆ ರಸೀದಿ ಇಲ್ಲ. ಚಿಕಿತ್ಸೆ ಆದ್ಮೇಲೂ ಎಂಆರ್‌ಐನಲ್ಲಿ ಗಂಟು ಸಾಮಾನ್ಯವಾಗಿ ಅಲ್ಲೇ ಇರುತ್ತೆ. "ವಾಸಿ ಆಯ್ತು" ಅಂತ ತೋರಿಸೋ ಚಿತ್ರ ಯಾವುದೂ ಇಲ್ಲ. ಮತ್ತೆ ಸೋರುತ್ತಾ ಇಲ್ವಾ ಅಂತ ವರ್ಷಗಟ್ಟಲೆ ಕಾಯೋದು ಬಿಟ್ರೆ ಬೇರೆ ದಾರಿ ಇಲ್ಲ.

ಎವಿಎಂನ ಯಶಸ್ಸು ತೋರಿಸಿ ಕ್ಯಾವರ್ನೋಮಾದವರ ಹತ್ರ ಅಡ್ವಾನ್ಸ್ ತಗೊಳೋದು ಇದೆಯಲ್ಲ, ಅದು ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ತೋರಿಸಿ ಇನ್ನೊಂದು ಕಂಪನಿ ಷೇರು ಮಾರಿದಂಗೆ.

—

ಭಾಗ 5/10
📍ರಾಮನಾಥಪುರದ ತೇರು, ಹಗ್ಗ ಹಿಡಿದಿರೋ ಕೈಗಳು

ಹಾಗಾದ್ರೆ ಗಾಮಾ ನೈಫ್ ಅಂದ್ರೆ ಏನು? ಹೆಸರಲ್ಲಿ ಚಾಕು ಇದೆ, ಮಿಷನ್ನಲ್ಲಿ ಇಲ್ಲ.

ತೇರು ಎಳೆಯೋವಾಗ ಒಬ್ಬೊಬ್ಬರ ಬಲ ಏನೂ ಸಾಲಲ್ಲ. ಎಲ್ಲರ ಬಲ ಒಂದು ಕಡೆ ಸೇರಿದಾಗ ತೇರು ಕದಲುತ್ತೆ. ಇದೂ ಹಾಗೇ. ಈಗಿನ ಮಾಡೆಲ್‌ಗಳಲ್ಲಿ 192 ಕೋಬಾಲ್ಟ್-60 ಮೂಲಗಳಿಂದ ಸಣ್ಣ ಸಣ್ಣ ಕಿರಣ ಬರ್ತವೆ. ಒಂದೊಂದು ಕಿರಣ ದಾರೀಲಿ ಮೆದುಳಿಗೆ ಹೆಚ್ಚೇನೂ ಮಾಡಲ್ಲ. ಎಲ್ಲಾ ಸೇರೋ ಒಂದು ಬಿಂದುವಲ್ಲಿ ಮಾತ್ರ ಡೋಸ್ ಭಾರೀ. ತಲೆ ಅಲ್ಲಾಡಬಾರದು ಅಂತ ಸಾಮಾನ್ಯವಾಗಿ ಬುರುಡೆಗೆ ಸ್ಕ್ರೂ ಹಾಕಿ ಫ್ರೇಮ್ ಕೂರಿಸ್ತಾರೆ. ಇದು ರೀಲಲ್ಲಿ ಕಾಣಲ್ಲ.

ಸ್ವೀಡನ್ನಿನ ನ್ಯೂರೋಸರ್ಜನ್ ಲಾರ್ಸ್ ಲೆಕ್ಸೆಲ್ 1951ರಲ್ಲಿ ಈ ಯೋಚನೆಗೆ ರೇಡಿಯೋಸರ್ಜರಿ ಅಂತ ಹೆಸರಿಟ್ಟರು. ಮೊದಲ ಗಾಮಾ ನೈಫ್ 1960ರ ದಶಕದ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಕೆಲಸ ಶುರು ಮಾಡ್ತು. ಭಾರತಕ್ಕೆ ಬಂದಿದ್ದು 1997ರಲ್ಲಿ, ಮುಂಬೈನ ಹಿಂದುಜಾ ಮತ್ತು ದೆಹಲಿಯ ಏಮ್ಸ್‌ಗೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿದೆ. ಸರ್ಕಾರಿ ಸಂಸ್ಥೆ ಅದು. "ಗಾಮಾ ನೈಫ್ ಅಂದ್ರೆ ದೊಡ್ಡ ಖಾಸಗಿ ಆಸ್ಪತ್ರೆ" ಅಂತ ತಿಳ್ಕೊಂಡಿರೋರು ಇದನ್ನ ಗಮನಿಸಿ.

ಈಗ ಟೈಮಿನ ವಿಷಯ. ರೀಲಲ್ಲಿ "ಒಂದೇ ದಿನ" ಅಂತಾರೆ. ಒಂದೇ ದಿನ ಆಗೋದು ಕಿರಣ ಕೊಡೋದು. ಫಲಕ್ಕೆ ವರ್ಷಗಳು. ಹೊಗೆಸೊಪ್ಪಿನ ಸಸಿ ಒಂದೇ ದಿನದಲ್ಲಿ ನಾಟಿ ಮುಗಿಸ್ತೀವಿ. ಅದಕ್ಕೆ "ಒಂದೇ ದಿನದಲ್ಲಿ ಬೆಳೆ" ಅಂತ ಬೋರ್ಡ್ ಹಾಕಿದ್ರೆ ಊರು ನಗುತ್ತೆ.

ಆ ಕಾಯೋ ವರ್ಷಗಳಲ್ಲಿ ಎರಡು ಅಪಾಯ ಜೊತೆಗಿರ್ತವೆ. ಹಳೇ ಗಂಟು ಮತ್ತೆ ಸೋರಬಹುದು. ಹೊಸದಾಗಿ, ವಿಕಿರಣದಿಂದ ಸುತ್ತಲಿನ ಭಾಗ ಬಾವು ಬರಬಹುದು, ಅದೂ ತಿಂಗಳುಗಳ ನಂತರ. ಬಾವು ಬಂದಾಗ ಸ್ಟೀರಾಯ್ಡ್ ಕೊಡ್ತಾರೆ. ಹೆಚ್ಚಿನವು ಇಳೀತವೆ, ಕೆಲವು ಶಾಶ್ವತವಾಗಿ ಉಳೀತವೆ. ಅಷ್ಟೊತ್ತಿಗೆ "ಸಾಯಂಕಾಲ ಮನೆಗೆ" ಅನ್ನೋ ವಿಡಿಯೋ ಶೂಟ್ ಆಗಿ ಎಷ್ಟೋ ಕಾಲ ಆಗಿರುತ್ತೆ.

—

ಭಾಗ 6/10
📍ಹಾಸನ, ಬಿಎಂ ರಸ್ತೆ

ಈ ಪೋಸ್ಟ್ ಸ್ವಲ್ಪ ನಿಧಾನಕ್ಕೆ ಓದಿ. ಇಡೀ ಜಗಳದ ಗುಂಡಿಗೆ ಇಲ್ಲಿದೆ.

2025ರ ಜೂನ್-ಜುಲೈ ನೆನಪಿದೆಯಲ್ವಾ? ಟಿವಿ ಹಾಕಿದ್ರೆ ಹಾಸನ, ಹಾಸನ ಅಂದ್ರೆ ಹಾರ್ಟ್ ಅಟ್ಯಾಕ್. ದಿನಾ ಎಷ್ಟು ಜನ ಹೋದ್ರು ಅಂತ ಎಣಿಕೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಕಿಕ್ಕಿರಿದು ನಿಂತ್ರು. ಕೊನೆಗೆ ಸರ್ಕಾರ ತಜ್ಞರ ಸಮಿತಿ ಮಾಡ್ತು. ಸಮಿತಿ ಹಿಂದಿನ ಅವಧಿಯ ಅಂಕಿಗಳನ್ನ ಪಕ್ಕದಲ್ಲಿಟ್ಟು ನೋಡಿ, ಅಸಹಜ ಏರಿಕೆ ಇಲ್ಲ ಅಂತು. ಸತ್ತೋರ ಮನೆಯ ದುಃಖ ನಿಜ. ಆದ್ರೆ ಹೋಲಿಸೋಕೆ ಇನ್ನೊಂದು ಅಂಕಿ ಇಲ್ಲದೆ ಎಣಿಸಿದ್ರೆ ನಮಗೆ ಗೊತ್ತಾಗೋದು ಅರ್ಧ ಮಾತ್ರ.

ಅದೇ ಪಾಠ ಇಲ್ಲಿಗೆ ತನ್ನಿ.

ಕ್ಯಾವರ್ನೋಮಾಗೆ ಗಾಮಾ ನೈಫ್ ಕೊಟ್ಟಿದ್ದರ ಬಗ್ಗೆ ತುಂಬಾ ಹೆಸರಾದ ಒಂದು ವರದಿ ಅಮೆರಿಕದ ಪಿಟ್ಸ್‌ಬರ್ಗ್‌ನದು, 2002. ಒಟ್ಟು 82 ರೋಗಿಗಳು. ಚಿಕಿತ್ಸೆಗೆ ಮುಂಚೆ ರಕ್ತಸ್ರಾವ ವರ್ಷಕ್ಕೆ 33.9%. ಚಿಕಿತ್ಸೆ ಆದ ಮೊದಲ ಎರಡು ವರ್ಷ 12.3%. ಅದಾದ ಮೇಲೆ 0.76%.

ಓದಿದ ತಕ್ಷಣ "ಅಬ್ಬಾ, ಮುಗೀತು" ಅನ್ಸುತ್ತೆ ಅಲ್ವಾ?

ಈಗ ಒಂದು ಟ್ಯೂಷನ್ ಸೆಂಟರ್ ಯೋಚಿಸಿ. ಹೋದ ಸೆಮಿಸ್ಟರ್‌ನಲ್ಲಿ ಫೇಲ್ ಆದೋರನ್ನ ಮಾತ್ರ ಸೇರಿಸ್ಕೊಳ್ತಾರೆ. ಅಂದ್ರೆ "ಮುಂಚೆ" ಫೇಲ್ 100%. ಮುಂದಿನ ಸೆಮಿಸ್ಟರ್ ಅವರಲ್ಲಿ ಮುಕ್ಕಾಲು ಜನ ಪಾಸು. ಬ್ಯಾನರ್ ಹಾಕ್ತಾರೆ. ಆದ್ರೆ ಟ್ಯೂಷನ್‌ಗೆ ಹೋಗದೆ ಮನೇಲೇ ಓದಿದ ಫೇಲ್ ಹುಡುಗರಲ್ಲಿ ಎಷ್ಟು ಜನ ಪಾಸ್ ಆದ್ರು? ಅದನ್ನ ಬ್ಯಾನರ್ ಹೇಳಲ್ಲ.

ಗಾಮಾ ನೈಫ್‌ಗೆ ಬಂದೋರು ಬಂದಿದ್ದೇ ರಕ್ತ ಸೋರಿದ್ರಿಂದ. "ಮುಂಚಿನ" ಅಂಕಿ ಜಾಸ್ತಿ ಇರದೆ ಇನ್ನೇನು?

ಇನ್ನೊಂದು ಇದೆ. ಕ್ಯಾವರ್ನೋಮಾ ಸೋರೋದು ಗುಂಪು ಗುಂಪಾಗಿ. ಒಂದ್ಸಲ ಸೋರಿದ್ರೆ ಮುಂದಿನ ಎರಡೂವರೆ ವರ್ಷದಷ್ಟು ಕಾಲ ಮತ್ತೆ ಸೋರೋ ಸಾಧ್ಯತೆ ಜಾಸ್ತಿ. ಆಮೇಲೆ ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗೇ ಇಳಿಯುತ್ತೆ. ಇದನ್ನ 2001ರಲ್ಲೇ ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿ ಪ್ರಕಟಿಸಿದ್ರು.

ಗಾಮಾ ನೈಫ್ "ಕೆಲಸ ಮಾಡೋಕೆ ಎರಡು ವರ್ಷ ಬೇಕು" ಅಂತಾರೆ. ಕಾಯಿಲೆ ತಾನಾಗೇ ತಣ್ಣಗಾಗೋಕೂ ಹತ್ತಿರ ಹತ್ತಿರ ಅಷ್ಟೇ ಕಾಲ. ಹಾಗಾದ್ರೆ ಕ್ರೆಡಿಟ್ ಯಾರ ಅಕೌಂಟಿಗೆ ಹಾಕೋದು?

—

ಭಾಗ 7/10
📍ನನ್ನ ನೋಟ್‌ಬುಕ್ಕಿನ ಒಂದು ಪುಟ

ಏನೂ ಮಾಡದೆ ಇದ್ರೆ ಏನಾಗುತ್ತೆ? ಆ ಲೆಕ್ಕ ಇದೆ. ಮುಚ್ಚಿಡೋಕೆ ಅದು ಗುಟ್ಟೇನಲ್ಲ.

2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಹಲವು ಅಧ್ಯಯನಗಳ 1620 ರೋಗಿಗಳನ್ನ ಒಟ್ಟು ಸೇರಿಸಿ ನೋಡಿದ ವರದಿ ಬಂತು. ಚಿಕಿತ್ಸೆ ಇಲ್ಲದೆ ಐದು ವರ್ಷದಲ್ಲಿ ರಕ್ತಸ್ರಾವದ ಅಪಾಯ:

ಬ್ರೈನ್‌ಸ್ಟೆಮ್ ಬಿಟ್ಟು ಬೇರೆ ಕಡೆ ಗಂಟು, ಮುಂಚೆ ಸೋರಿಲ್ಲ: 3.8%
ಬ್ರೈನ್‌ಸ್ಟೆಮ್‌ನಲ್ಲಿ ಗಂಟು, ಮುಂಚೆ ಸೋರಿಲ್ಲ: 8%
ಬೇರೆ ಕಡೆ ಗಂಟು, ಸೋರಿದೆ ಅಥವಾ ನರದ ತೊಂದರೆ ಬಂದಿದೆ: 18.4%
ಬ್ರೈನ್‌ಸ್ಟೆಮ್‌ನಲ್ಲಿ ಗಂಟು, ಸೋರಿದೆ ಅಥವಾ ನರದ ತೊಂದರೆ ಬಂದಿದೆ: 30.8%

ಕೊನೆ ಸಾಲು ಭಯ ಹುಟ್ಟಿಸುತ್ತೆ, ಹುಟ್ಟಿಸಬೇಕು ಕೂಡ. ಹತ್ತರಲ್ಲಿ ಮೂವರು ಅಂದ್ರೆ ಸಣ್ಣ ಮಾತಲ್ಲ. ಉಳಿದ ಏಳು ಜನಕ್ಕೆ ಐದು ವರ್ಷದಲ್ಲಿ ಸೋರಲ್ಲ ಅನ್ನೋದೂ ಅದೇ ಸಾಲಲ್ಲಿದೆ. ಈ ಎರಡನ್ನೂ ಒಟ್ಟಿಗೆ ಹೇಳಿ ಅಂತಷ್ಟೇ ಕೇಳ್ತಿರೋದು.

ಗಾಮಾ ನೈಫ್ ಕಡೆಯ ಲೆಕ್ಕ: ಅದೇ ಪಿಟ್ಸ್‌ಬರ್ಗ್ ವರದೀಲಿ 82ರಲ್ಲಿ 11 ಜನಕ್ಕೆ ಚಿಕಿತ್ಸೆ ನಂತರ ಹೊಸ ನರದ ತೊಂದರೆ ಬಂತು. ಗಾಮಾ ನೈಫ್‌ನ ತವರು ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾದವರೇ 1998ರಲ್ಲಿ 22 ರೋಗಿಗಳ ಅನುಭವ ಬರೆದು, ಲಾಭ ಖಚಿತವಿಲ್ಲ, ತೊಡಕು ಜಾಸ್ತಿ ಅಂದ್ರು. ಆಮೇಲೆ ಡೋಸ್ ಇಳಿಸಿದ್ರು, ತೊಡಕೂ ಇಳೀತು. ಇದನ್ನೂ ಹೇಳ್ಬೇಕು, ನ್ಯಾಯ ಅಂದ್ರೆ ಅದು.

2017ರಲ್ಲಿ ಅಮೆರಿಕದ ಆಂಜಿಯೋಮಾ ಅಲಯನ್ಸ್‌ನ ತಜ್ಞರು ಮಾರ್ಗಸೂಚಿ ತಂದ್ರು. ಗಂಟು ಒಂದೇ ಇದ್ದು, ಮುಂಚೆ ಸೋರಿದ್ದು, ಆಪರೇಷನ್ ಮಾಡೋಕೆ ತುಂಬಾ ಅಪಾಯ ಇರೋ ಜಾಗದಲ್ಲಿದ್ರೆ ರೇಡಿಯೋಸರ್ಜರಿ "ಪರಿಗಣಿಸಬಹುದು". ಲಕ್ಷಣ ಇಲ್ಲದ ಗಂಟಿಗೆ ಬೇಡ. ವಂಶದಲ್ಲಿ ಬರೋ ತರದ್ದಕ್ಕೆ ಬೇಡ.

"ಪರಿಗಣಿಸಬಹುದು" ಅನ್ನೋ ಪದ ನೋಡಿ. "ಮಾಡಲೇಬೇಕು" ಅಂತಿಲ್ಲ. "ಈ ವಾರ ಬುಕ್ ಮಾಡಿ" ಅಂತಂತೂ ಖಂಡಿತ ಇಲ್ಲ.

2024ರಲ್ಲಿ ಬ್ರಿಟನ್-ಐರ್ಲೆಂಡ್‌ನಲ್ಲಿ ಕೇರ್ ಅನ್ನೋ ಪ್ರಾಯೋಗಿಕ ಅಧ್ಯಯನದ ಫಲಿತಾಂಶ ಬಂತು. ಬರೀ ಔಷಧ-ನಿಗಾ ಒಂದು ಕಡೆ, ಅದರ ಜೊತೆ ಸರ್ಜರಿ ಅಥವಾ ರೇಡಿಯೋಸರ್ಜರಿ ಇನ್ನೊಂದು ಕಡೆ. ಯಾರು ಯಾವ ಗುಂಪಿಗೆ ಅನ್ನೋದು ಚೀಟಿ ಎತ್ತಿದಂಗೆ. ಸೇರಿದ್ದು 72 ಜನ. ಯಾವುದು ಮೇಲು ಅಂತ ತೀರ್ಮಾನ ಮಾಡೋಕೆ ಇನ್ನೂ ದೊಡ್ಡ ಅಧ್ಯಯನ ಬೇಕು ಅಂತ ಅವರೇ ಬರೆದ್ರು.

ಪ್ರಪಂಚದ ತಜ್ಞರು ಇನ್ನೂ ಚೀಟಿ ಎತ್ತಿ ಪರೀಕ್ಷೆ ಮಾಡ್ತಿರೋ ವಿಷಯಾನ ಕೌನ್ಸೆಲಿಂಗ್ ಟೇಬಲ್ಲಿನೋರು ಕ್ಯಾಲ್ಕುಲೇಟರಲ್ಲೇ ಮುಗಿಸಿಬಿಡ್ತಾರೆ.

—

ಭಾಗ 8/10
📍ಕಾಮೆಂಟ್‌ಗಳಿಗೆ ಉತ್ತರ

ಹಿಂದಿನ ಪೋಸ್ಟ್‌ಗಳಿಗೆ ಬಂದ ಮಾತುಗಳು. ಒಂದೊಂದಾಗಿ.

"ಭರವಸೆ ಕಿತ್ಕೊಬೇಡ ಕಣಮ್ಮ."
ಭರವಸೆ ಎರಡು ತರ ಅಣ್ಣ. ಹತ್ತರಲ್ಲಿ ಏಳು ಜನಕ್ಕೆ ಐದು ವರ್ಷ ಸೋರಲ್ಲ ಅನ್ನೋದೂ ಭರವಸೆನೇ. ಅದಕ್ಕೆ ದುಡ್ಡು ಕೇಳೋರಿಲ್ಲ, ಅದಕ್ಕೇ ಅದರ ರೀಲ್ ಬರಲ್ಲ.

"ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತಾ?"
ಇಲ್ಲ. ಅದಕ್ಕೇ ಡಾಕ್ಟರು ಮಾತಾಡ್ಲಿ ಅಂತಿರೋದು. ನಾಲ್ಕು ನಿಮಿಷ ಡಾಕ್ಟರು, ನಲವತ್ತು ನಿಮಿಷ ಪ್ಯಾಕೇಜ್ ಮಾತಾಡೋರು ಅನ್ನೋ ವ್ಯವಸ್ಥೆ ಡಾಕ್ಟರಿಗೂ ಅವಮಾನ.

"ನಮ್ಮ ಚಿಕ್ಕಮ್ಮನಿಗೆ ಗಾಮಾ ನೈಫ್ ಮಾಡ್ಸಿ ಆರಾಮಾಗಿದಾರೆ."
ತುಂಬಾ ಸಂತೋಷ, ಮನಸ್ಸಿಂದ ಹೇಳ್ತಿದೀನಿ. ಅವರಿಗಿದ್ದದ್ದು ಎವಿಎಂ ಆಗಿದ್ರೆ ಅದು ಒಳ್ಳೆ ನಿರ್ಧಾರ ಇರಬಹುದು. ಕ್ಯಾವರ್ನೋಮಾ ಆಗಿದ್ರೂ, ಎರಡು ಮೂರು ಸಲ ಸೋರಿ, ಸರ್ಜನ್ ಕೈ ಹಾಕೋಕೆ ಆಗಲ್ಲ ಅಂದಿದ್ರೆ, ಆಗ್ಲೂ ಯೋಚಿಸಿ ತಗೊಂಡ ನಿರ್ಧಾರನೇ. ನಾನು ಕೇಳ್ತಿರೋದು ಆ ಯೋಚನೆ ಮಾಡೋ ಅವಕಾಶ ಎಲ್ಲರಿಗೂ ಸಿಗಲಿ ಅಂತ.

"ಕಾಯ್ತಾ ಕೂತು ಮತ್ತೆ ಸೋರಿದ್ರೆ ನೀನು ಜವಾಬ್ದಾರಿ ತಗೋತೀಯಾ?"
ಈ ಪ್ರಶ್ನೆ ಕಷ್ಟದ್ದು. ಸೋರಬಹುದು. ಕಾಯೋದು ಉಚಿತ ಅಲ್ಲ, ಅದರ ಬೆಲೆ ಪ್ರತಿ ರಾತ್ರಿ ಮನೆಯೋರು ಕೊಡ್ತಾರೆ. ಕೆಮ್ಮಿದ್ರೆ ಭಯ, ತಲೆನೋವು ಅಂದ್ರೆ ಭಯ. ಅದಕ್ಕೇ ನಾನು "ಕಾಯಿರಿ" ಅಂತ ಯಾರಿಗೂ ಹೇಳ್ತಿಲ್ಲ. ಕಾಯೋದಕ್ಕೂ ಬೆಲೆ ಇದೆ, ಕಿರಣಕ್ಕೂ ಬೆಲೆ ಇದೆ, ಚಾಕುಗೂ ಬೆಲೆ ಇದೆ. ಮೂರೂ ಬೆಲೆ ಒಂದೇ ಹಾಳೆ ಮೇಲೆ ಬರೆದು ಕೊಡಿ ಅಂತಿದೀನಿ. ಒಂದನ್ನ ಮಾತ್ರ ದೊಡ್ಡಕ್ಷರದಲ್ಲಿ ಬರೆದು ಮಿಕ್ಕ ಎರಡನ್ನ ಅಳಿಸಬೇಡಿ.

—

ಭಾಗ 9/10
📍ರಾಮನಾಥಪುರ ಹೊಗೆಸೊಪ್ಪು ಹರಾಜು ಕಟ್ಟೆ, ಸಾಲಾಗಿ ಬೇಲ್‌ಗಳು

ನಮ್ಮೂರ ಸೊಪ್ಪು ಹರಾಜಿಗೆ ಬಂದಾಗ ಕಂಪನಿಯೋರು ಬೇಲ್ ಬಿಚ್ಚಿ, ಎಲೆ ಎಳೆದು, ಮೂಸಿ, ಗ್ರೇಡ್ ನೋಡಿಯೇ ರೇಟ್ ಹೇಳೋದು. ನೋಡದೆ ಕೊಳ್ಳೋನು ಒಬ್ಬನೂ ಇಲ್ಲ. ಅದೇ ಸೊಪ್ಪು ಸಿಗರೇಟ್ ಆದಾಗ ಪ್ಯಾಕೆಟ್ಟಿನ 85% ಜಾಗ ಎಚ್ಚರಿಕೆಗೆ ಹೋಗ್ಬೇಕು, 2016ರಿಂದ ಇದೇ ನಿಯಮ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೇಲಿ ಉಸಿರು ಬಿಡದೆ "ಮಾರುಕಟ್ಟೆ ಅಪಾಯಕ್ಕೆ ಒಳಪಟ್ಟಿದೆ" ಅಂತ ಓದ್ತಾರಲ್ಲ, ಅದೂ ನಿಯಮ.

ಐನೂರು ರೂಪಾಯಿ ಎಸ್‌ಐಪಿಗೆ ಎಚ್ಚರಿಕೆ ಇದೆ. ಮೆದುಳಿನ ಕಾಂಡಕ್ಕೆ ಕಿರಣ ಬಿಡೋ ರೀಲ್‌ಗೆ ಯಾಕಿಲ್ಲ?

ಕಾನೂನೇ ಇಲ್ಲ ಅಂತ ಅಲ್ಲ. ಬಿಸಿನೆಸ್ ಲಾ ಓದಿರೋರಿಗೆ ಗೊತ್ತಿರುತ್ತೆ.

1995ರಲ್ಲಿ ಸುಪ್ರೀಂ ಕೋರ್ಟ್, ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ, ದುಡ್ಡು ತಗೊಂಡು ಕೊಡೋ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಒಳಗೆ ಬರುತ್ತೆ ಅಂತ ಹೇಳ್ತು.

2002ರ ವೈದ್ಯಕೀಯ ನೀತಿ ನಿಯಮಗಳು, ರೋಗಿಗಳನ್ನ ನೇರವಾಗಿಯೋ ಸುತ್ತಿಬಳಸಿಯೋ ಸೆಳೆಯೋದು ಅನೈತಿಕ ಅಂತ ಹೇಳ್ತವೆ. ಡಾಕ್ಟರಿಗಷ್ಟೇ ಅಲ್ಲ, ಸಂಸ್ಥೆಗಳ ಹೆಸರೂ ಅಲ್ಲಿದೆ.

2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಅಂದ್ರೆ ಏನು ಅಂತ ಬಿಡಿಸಿ ಹೇಳ್ತು. ಚಿಕಿತ್ಸೆ ಏನು, ಯಾಕೆ, ಬೇರೆ ದಾರಿ ಯಾವುದು, ದೊಡ್ಡ ಅಪಾಯಗಳೇನು, ಮಾಡಿಸದೆ ಇದ್ರೆ ಏನಾಗುತ್ತೆ. ಇಷ್ಟು ತಿಳಿಸಿದ ಮೇಲೆ ಕೊಟ್ಟ ಒಪ್ಪಿಗೆಯೇ ಒಪ್ಪಿಗೆ.

"ಮಾಡಿಸದೆ ಇದ್ರೆ ಏನಾಗುತ್ತೆ" ಅನ್ನೋದು ನನ್ನ ಹಠ ಅಲ್ಲ ಸ್ವಾಮಿ, ಸುಪ್ರೀಂ ಕೋರ್ಟ್ ಹೇಳಿರೋ ಮಾತು.

ಇನ್ನು ಆಸ್ಪತ್ರೇಲಿ ಸಹಿ ಹಾಕಿಸೋ ಹಾಳೆ ನೋಡಿ. ಇಂಗ್ಲಿಷು. ಸಣ್ಣ ಅಕ್ಷರ. ಟ್ರಾಲಿ ಪಕ್ಕದಲ್ಲಿ ನಿಲ್ಲಿಸ್ಕೊಂಡು "ಇಲ್ಲೊಂದು, ಇಲ್ಲೊಂದು" ಅಂತ ಬೆರಳು ತೋರಿಸ್ತಾರೆ. ಅತ್ತೆಯಂಥೋರು ಓದಿರೋದು ಏಳನೇ ಕ್ಲಾಸು, ಕನ್ನಡದಲ್ಲಿ. ಅವರು ಹಾಕೋದು ಸಹಿ ಮಾತ್ರ. ಒಪ್ಪಿಗೆ ಇನ್ನೂ ಕೊಟ್ಟಿರಲ್ಲ.

—

ಭಾಗ 10/10
📍ಈ ಕೊನೇ ಚಿತ್ರ ಸ್ಕ್ರೀನ್‌ಶಾಟ್ ತಗೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿ

ನಿಮ್ಮ ಮನೇಲಿ, ಪಕ್ಕದ ಮನೇಲಿ ಯಾರಿಗಾದ್ರೂ ಇದು ಬಂದ್ರೆ ಡಾಕ್ಟರ ಮುಂದೆ ಕೇಳಬೇಕಾದ ಪ್ರಶ್ನೆಗಳು. ಕೌನ್ಸೆಲಿಂಗ್ ರೂಮಲ್ಲಿ ಅಲ್ಲ, ಡಾಕ್ಟರ ಮುಂದೆ.

1. ಇದು ಎವಿಎಂ ಆ, ಕ್ಯಾವರ್ನೋಮಾ ಆ?
2. ಎಷ್ಟು ಸಲ ಸೋರಿದೆ? ಗಂಟು ಮೇಲ್ಮೈ ಹತ್ರ ಇದೆಯಾ, ಆಳದಲ್ಲಿದೆಯಾ?
3. ಏನೂ ಮಾಡದೆ ಕಾದ್ರೆ ಮುಂದಿನ ಐದು ವರ್ಷದಲ್ಲಿ ಅಪಾಯ ಎಷ್ಟು?
4. ಗಾಮಾ ನೈಫ್ ಆದ್ಮೇಲೆ ಫಲಕ್ಕೆ ಎಷ್ಟು ವರ್ಷ? ಅಲ್ಲಿಯವರೆಗೆ ಅಪಾಯ ಎಷ್ಟು? ವಾಸಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?
5. ವಿಕಿರಣದಿಂದ ಬಾವು ಬಂದ್ರೆ ನಮ್ಮನ್ನ ಯಾರು ನೋಡ್ಕೊಳ್ತಾರೆ, ಆ ಖರ್ಚು ಪ್ಯಾಕೇಜಲ್ಲಿದೆಯಾ?
6. ಬ್ರೈನ್‌ಸ್ಟೆಮ್ ಆಪರೇಷನ್ ಮಾಡೋ ಸರ್ಜನ್ ಒಬ್ಬರ ಅಭಿಪ್ರಾಯ ತಗೊಂಡಿದೀರಾ?
7. ಈ ವಾರವೇ ಯಾಕೆ?

ಸಡನ್ನಾಗಿ ತಲೆನೋವು, ವಾಂತಿ, ಮಾತು ತೊದಲೋದು, ಪ್ರಜ್ಞೆ ತಪ್ಪೋದು, ಕೈಕಾಲು ಬಿದ್ದೋಗೋದು ಆದ್ರೆ ಈ ಪಟ್ಟಿ ಹಿಡ್ಕೊಂಡು ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹೊರಡಿ. ಪ್ರಶ್ನೆ ಕೇಳೋದು ಅಪಾಯ ಕಳೆದು ಪ್ಲಾನ್ ಮಾಡೋ ಹಂತದಲ್ಲಿ.

ದುಡ್ಡಿನ ವಿಷಯ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಯಾವ ಚಿಕಿತ್ಸೆ ಯಾವ ಆಸ್ಪತ್ರೇಲಿ ಇದರೊಳಗೆ ಬರುತ್ತೆ ಅಂತ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರನ್ನ ಮೊದಲೇ ಕೇಳಿ, ರೆಫರಲ್ ಬರೆಸ್ಕೊಳ್ಳಿ. ಜಮೀನಿನ ಪತ್ರ ಹೊರಗೆ ತೆಗೆಯೋದು ಅದಾದ್ಮೇಲೆ.

ಸರ್ಕಾರಕ್ಕೆ ನಮ್ಮ ಕಡೆಯಿಂದ ಮೂರು ಬೇಡಿಕೆ.

ಒಂದು, ರೇಡಿಯೋಸರ್ಜರಿಗೆ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಕಾದ್ರೆ, ಕಿರಣ ಕೊಟ್ರೆ, ಆಪರೇಷನ್ ಮಾಡಿದ್ರೆ ಅಂತ ಮೂರು ಕಾಲಂ. ಸಹಿಗೆ ಒಂದು ದಿನ ಮುಂಚೆ ಮನೆಗೆ ಕೊಟ್ಟು ಕಳಿಸಬೇಕು.

ಎರಡು, ಆಸ್ಪತ್ರೆ ರೀಲ್‌ಗಳಿಗೂ ಎಚ್ಚರಿಕೆ ಸಾಲು ಕಡ್ಡಾಯ ಆಗ್ಬೇಕು. ಸಿಗರೇಟ್ ಪ್ಯಾಕೆಟ್ಟಿಗೆ ಆಗುತ್ತೆ ಅಂದ್ರೆ ಇದಕ್ಕೂ ಆಗುತ್ತೆ.

ಮೂರು, ಎರಡನೇ ಅಭಿಪ್ರಾಯಕ್ಕೆ ಅರಕಲಗೂಡು ತಾಲ್ಲೂಕಿನೋರು ಬೆಂಗಳೂರು ಬಸ್ ಹತ್ತೋ ಹಂಗಿರಬಾರದು. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದೆ. ಹಾಸನದಲ್ಲಿ ತೆಗೆದ ಎಂಆರ್‌ಐನ ನಿಮ್ಹಾನ್ಸ್ ಡಾಕ್ಟರು ಸ್ಕ್ರೀನಲ್ಲಿ ನೋಡಿ, ರೋಗಿ ಜೊತೆ ಕನ್ನಡದಲ್ಲಿ ಹದಿನೈದು ನಿಮಿಷ ಮಾತಾಡೋದು ರಾಕೆಟ್ ಸೈನ್ಸ್ ಅಲ್ಲ. ವಾರಕ್ಕೊಂದು ದಿನ ಇಟ್ರೂ ಸಾಕು.

ನಿಮಗೆ ಒಪ್ಪಿಗೆ ಇಲ್ಲದ ಸಾಲು ಇದ್ರೆ ಕಾಮೆಂಟಲ್ಲಿ ಹಾಕಿ, ಜಗಳ ಆಡೋಣ. ಮೆಡಿಕಲ್ ಓದ್ತಿರೋರು ಯಾರಾದ್ರೂ ಇದ್ರೆ ಅಂಕಿ ಚೆಕ್ ಮಾಡಿ. ಆಸ್ಪತ್ರೆ ಹೆಸರು ಹೇಳು ಅಂತ ಡಿಎಂ ಮಾಡಬೇಡಿ, ಹೇಳಲ್ಲ. ಒಂದು ಆಸ್ಪತ್ರೆ ಹೆಸರು ಗೊತ್ತಾದ್ರೆ ನೀವು ಅದೊಂದನ್ನ ಬಿಟ್ಟು ಪಕ್ಕದ್ದಕ್ಕೆ ಹೋಗ್ತೀರ, ಅಲ್ಲೂ ಅದೇ ಕ್ಯಾಲ್ಕುಲೇಟರ್ ಇರುತ್ತೆ. ಹೆಸರಿನ ಬದಲು ಆ ಏಳು ಪ್ರಶ್ನೆ ತಗೊಂಡು ಹೋಗಿ.

#ಕೊಣನೂರು #ಅರಕಲಗೂಡು #ಹಾಸನ #ಗಾಮಾನೈಫ್ #ಕ್ಯಾವರ್ನೋಮಾ #ಕೇಳಿಸಹಿಹಾಕಿ